ಚಕಮಕಿ ಕೋವಿ, ಕೆಂಪು ಬೈರಾಸು

ಅಮೇರಿಕಕ್ಕೆ ಹೋದವರು ಬರುವಾಗ ಟೇಪ್ ರೆಕಾರ್ಡರ್ ತರುತ್ತಾರೆ, ವಾಚು ತರುತ್ತಾರೆ, ಇಡೀ ಊರಿಗೆ ಹಂಚುವಷ್ಟು ಚಾಕಲೇಟು ತರುತ್ತಾರೆ. ನಾನು ತಂದದ್ದು ತೂತು ಬಿದ್ದ ಒಂದು ಹಾಳೆ ಕಾಗದ. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಅದನ್ನು ಬಿಡಿಸಿ ಬೆಳಕಿಗೆ ಹಿಡಿದ, ನನ್ನ ಮುಖ ನೋಡಿದ, ಮತ್ತೆ ಕಾಗದ ನೋಡಿದ, ಮಡಚಿ ಕೊಟ್ಟ. ತಲೆ ಸರಿ ಇಲ್ಲದ ಗಿರಾಕಿ ಎಂದುಕೊಂಡಿರಬೇಕು. ಎಂದುಕೊಳ್ಳಲಿ ಬಿಡಿ. ಆ ತಲೆ ಇನ್ನೂ ಕುತ್ತಿಗೆಯ ಮೇಲೆಯೇ ಉಂಟಲ್ಲ, ನನಗೆ ಅಷ್ಟು ಸಾಕು.

ಗುತ್ತಿಗಾರು

ನನ್ನದು ಗುತ್ತಿಗಾರು. ಕಾಡಿನ ಅಂಚಿಗೆ ತಾಗಿ ಗದ್ದೆ, ಅದರ ಮೇಲೆ ಸ್ವಲ್ಪ ರಬ್ಬರು. ಆನೆ ಬಂದರೆ ದೇವರೇ ನೋಡಿಕೊಳ್ಳಬೇಕು, ಹಂದಿ ಬಂದರೆ ನಾನೇ ನೋಡಿಕೊಳ್ಳಬೇಕು. ಅದಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಒಂದು ಕೇಪಿನ ಕೋವಿ ಇಟ್ಟುಕೊಂಡಿದ್ದೇನೆ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರನ್ನು ಉಂಡೆ ಮಾಡಿ ಉದ್ದ ಕೋಲಿನಿಂದ ಜಡಿದು, ಅದರ ಮೇಲೆ ಚರೆ, ಅಂದರೆ ಸೀಸದ ಸಣ್ಣ ಕಾಳುಗಳನ್ನು ಹಾಕಿ, ಪುನಃ ನಾರು ಜಡಿದು, ಹಿಂಬದಿಗೆ ಕೇಪು ಎಂಬ ಸಿಡಿಮದ್ದಿನ ಪುಟ್ಟ ಟೊಪ್ಪಿ ಸಿಕ್ಕಿಸಿ ಹೊಡೆಯುವ ಕೋವಿ ಅದು. ಚುನಾವಣೆ ಬಂದಾಗಲೆಲ್ಲ ಅದನ್ನು ಸುಳ್ಯದ ಠಾಣೆಯಲ್ಲಿ ಒಪ್ಪಿಸಿ ಬರಬೇಕು. ಆ ದಿನಗಳಲ್ಲಿ ಹಂದಿಗಳಿಗೆ ಸುಗ್ಗಿ.

ಹಂದಿ ಅಟ್ಟಲು ನಾವು ಸಾಲಾಗಿ ಕಾಡಿಗೆ ನುಗ್ಗುವಾಗ ನಮ್ಮಲ್ಲಿ ಒಂದು ಕಟ್ಟು ಉಂಟು. ಪ್ರತಿಯೊಬ್ಬನ ತಲೆಗೂ ಕೆಂಪು ಬೈರಾಸು, ಅಂದರೆ ಮೈ ಒರಸುವ ವಸ್ತ್ರ, ಸುತ್ತಿರಬೇಕು. ಪೊದೆಯ ಆಚೆ ಅಲುಗುವುದು ಹಂದಿಯಲ್ಲ, ಮನುಷ್ಯ ಎಂದು ಕೋವಿ ಹಿಡಿದವನಿಗೆ ತಿಳಿಯಬೇಡವೇ? ಬೈರಾಸು ತರದವನು ಎಷ್ಟು ದೊಡ್ಡ ಮನುಷ್ಯನಾದರೂ ಗದ್ದೆಯ ಬದುವಿನಿಂದ ಈಚೆಗೇ ಕೂರಬೇಕು. ಚಿಕ್ಕಂದಿನಿಂದ ಕಂಡದ್ದಾದ್ದರಿಂದ ಕಾಡು ಎಂದರೆ ನನ್ನ ಕೈ ತಾನಾಗಿ ಬೈರಾಸಿಗೆ ಹೋಗುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ, ಪುತ್ತೂರಿನ ಒಂದು ಕ್ಲಬ್ಬಿನವರು ಕೃಷಿಕರನ್ನು ಪರದೇಶಕ್ಕೆ ಕಳಿಸುವ ಏರ್ಪಾಡು ಮಾಡಿದಾಗ ನನ್ನ ಹೆಸರೂ ಬಂತು. ಜೊತೆಗೆ ಕಬಕದ ಹಸನಬ್ಬ. ಅಡಿಕೆ ವ್ಯಾಪಾರದವನು, ಗಲ್ಫಿನಲ್ಲಿ ಕೆಲವು ವರ್ಷ ಇದ್ದವನು, ಎದೆಯವರೆಗೆ ಗಡ್ಡ, ಬಾಯಿ ತೆರೆದರೆ ತಮಾಷೆ. ನನ್ನ ಇಂಗ್ಲಿಷು ಶಾಲೆಯಲ್ಲಿ ಕಲಿತದ್ದು, ಅವನದ್ದು ವ್ಯಾಪಾರದಲ್ಲಿ ಕಲಿತದ್ದು. ಯಾರದ್ದು ಉಪಯೋಗಕ್ಕೆ ಬಂತೆಂದು ಹೇಳಬೇಕಾಗಿಲ್ಲ. ಹೊರಡುವ ಮೊದಲು ನನ್ನ ಹೆಂಡತಿ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕ ಒಂದು ಹೊಸ ಬೈರಾಸು ತುರುಕಿದಳು, ಕೆಂಪು ಮೈ, ಬಿಳಿ ಅಂಚು.

ಅಜ್ಜನ ಅಂಗಳ

ನಮ್ಮನ್ನು ಇಳಿಸಿದ್ದು ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ಒಂದು ತೋಟದ ಮನೆಗೆ. ಮನೆಯವರು ವೆಂಡಲ್ ಎಂಬ ಎಪ್ಪತ್ತು ದಾಟಿದ ರೈತರು ಮತ್ತು ಅವರ ಹೆಂಡತಿ ಲೋಯಿಸ್. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಅಷ್ಟು ಪ್ರಾಯದವರನ್ನು ಹಾಗೆ ಕರೆಯಲು ನನ್ನ ನಾಲಗೆ ಹೊರಳಲಿಲ್ಲ. ಮೊದಲ ದಿನವೇ ಅವರನ್ನು ಅಜ್ಜ ಮಾಡಿದೆ, ಅವರ ಹೆಂಡತಿಯನ್ನು ಲೋಯಿಸಮ್ಮ ಮಾಡಿದೆ. ಅರ್ಥ ಕೇಳಿ ಇಬ್ಬರಿಗೂ ಖುಷಿಯಾಯಿತು.

ಬಾಗಿಲ ಮೂಲೆಯಲ್ಲಿ ಕೊಡೆಗಳ ಜೊತೆ ಎರಡು ಕೋವಿ ಒರಗಿಸಿ ಇಟ್ಟಿದ್ದರು. ಹಸನಬ್ಬ ನನ್ನ ಅಂಗಿ ಎಳೆದ.

"ಎಂತ ರೈಗಳೇ, ಇಲ್ಲಿ ಕೋವಿ ಕೊಡೆಯ ಒಟ್ಟಿಗೆ ಇಡುದಾ? ಮಳೆ ಬಂದಾಗ ಗಡಿಬಿಡಿಯಲ್ಲಿ ಯಾವುದನ್ನು ತೆಗೆದುಕೊಂಡು ಹೋಗುದು ಇವರು?"

"ಸುಮ್ಮನಿರು ಮಾರಾಯ" ಎಂದೆ. ನನ್ನ ಕಣ್ಣು ಆಗಲೇ ಎರಡನೆಯ ಕೋವಿಯ ಮೇಲಿತ್ತು. ನಳಿಗೆ ನನಗಿಂತ ಎತ್ತರ ಎನ್ನಬೇಕು, ಹಿಡಿ ಹಣ್ಣಡಿಕೆಯ ಬಣ್ಣದ ಮರ. ಅದಕ್ಕೆ ಕೇಪು ಸಿಕ್ಕಿಸುವ ಜಾಗವೇ ಇಲ್ಲ. ಕುದುರೆ, ಅಂದರೆ ಹಿಡಿಯ ಮೇಲಿನ ಎಳೆದುಬಿಡುವ ಕೊಕ್ಕೆ, ಅದರ ಬಾಯಲ್ಲಿ ಒಂದು ಚಕಮಕಿ ಕಲ್ಲು ಕಚ್ಚಿಸಿದ್ದಾರೆ. ಕುದುರೆ ಎಳೆದು ಬಿಟ್ಟರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು, ಕಿಡಿ ಪುಟ್ಟ ಬಟ್ಟಲಿನ ಮದ್ದಿಗೆ ಬೀಳಬೇಕು, ಆ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಬೇಕು, ಆಮೇಲೆ ಗುಂಡು. ನನ್ನ ಕೇಪಿನ ಕೋವಿಯ ಮುತ್ತಜ್ಜ ಅದು.

ಆ ಕೋವಿಯನ್ನು ಅಜ್ಜನ ಅಪ್ಪ ಕೈಯಾರೆ ಮಾಡಿದ್ದಂತೆ. ವಸಂತದಲ್ಲಿ ಅಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಕೆಲವು ವಾರ ಅನುಮತಿ ಇರುತ್ತದೆ. ಗಂಡು ಹಕ್ಕಿಯನ್ನು ಮಾತ್ರ ಹೊಡೆಯಬಹುದು, ಅದೂ ತಲೆಗೆ ಕುತ್ತಿಗೆಗೆ ಚರೆ ಬಿದ್ದು ಅಲ್ಲೇ ಉರುಳಬೇಕು. ಮೂಲೆಯಲ್ಲಿದ್ದ ಇನ್ನೊಂದು, ಸಿದ್ಧ ತೋಟೆ ಹಾಕಿ ಹೊಡೆಯುವ ಕೋವಿಯಿಂದ ಅಜ್ಜ ಬೇಕಾದಷ್ಟು ಹೊಡೆದಿದ್ದಾರೆ. ಅಪ್ಪನ ಕೋವಿಯಿಂದ ಒಂದೂ ಸರಿಯಾಗಿ ಬಿದ್ದದ್ದಿಲ್ಲ. ಹಿಂದಿನ ವರ್ಷ ಹೊಡೆದದ್ದು ಗಾಯ ಮಾತ್ರವಾಗಿ ಹಕ್ಕಿ ಮುಳ್ಳುಪೊದೆಗೆ ನುಗ್ಗಿತು. ಸಂಜೆಯವರೆಗೆ ಹುಡುಕಿದರು, ಮರುದಿನವೂ ಹುಡುಕಿದರು, ಸಿಗಲಿಲ್ಲ.

"ಎಲ್ಲೋ ನರಳಿ ಸತ್ತಿತು" ಎಂದರು ಅಜ್ಜ. "ಈ ಸಲ ಕಾಗದದ ಮೇಲೆ ಚರೆ ಒತ್ತಾಗಿ ಬಿದ್ದರೆ ಮಾತ್ರ ಕಾಡಿಗೆ ಹೋಗುತ್ತೇನೆ. ಇಲ್ಲದಿದ್ದರೆ ಇದನ್ನು ಬೆಂಕಿಗೂಡಿನ ಮೇಲೆ ಮೊಳೆಗೆ ನೇತು ಹಾಕಿಬಿಡುತ್ತೇನೆ. ಇನ್ನು ಇಳಿಸುವುದಿಲ್ಲ."

ಹೇಳುವಾಗ ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು. ಮುಂದಿನ ವಸಂತಕ್ಕೆ ಆ ಕೈ ಎಷ್ಟು ನಡುಗುತ್ತದೋ ಯಾರಿಗೆ ಗೊತ್ತು. ಅನುಮತಿಯ ಅವಧಿ ಮುಗಿಯಲು ಉಳಿದದ್ದು ಒಂದು ವಾರದ ಮೇಲೆ ಸ್ವಲ್ಪ. ನನಗೆ ಅವರ ಸಂಕಟ ಚೆನ್ನಾಗಿ ಅರ್ಥವಾಯಿತು. ನಮ್ಮಲ್ಲಿ ಗಾಯದ ಹಂದಿಯನ್ನು ಬಿಟ್ಟು ಬಂದವನಿಗೆ ಊಟ ಸೇರುವುದಿಲ್ಲ, ಮರುದಿನ ಅದು ಯಾರ ಮೇಲೆ ಬೀಳುತ್ತದೋ ಎಂಬ ಹೆದರಿಕೆ. ಇಲ್ಲಿ ಹಕ್ಕಿ ಯಾರ ಮೇಲೂ ಬೀಳುವುದಿಲ್ಲ. ಆದರೂ ಈ ಮನುಷ್ಯನಿಗೆ ವರ್ಷವಿಡೀ ಊಟ ಸೇರಿರಲಿಲ್ಲ.

ಕಾಲೊರಸಿನ ದಿನ

ಕೊಟ್ಟಿಗೆಯ ಹಿಂದೆ ಒಂದು ಹಲಗೆಗೆ ದೊಡ್ಡ ಕಾಗದ ಬಡಿದು, ಅದರ ಮೇಲೆ ಇದ್ದಿಲಿನಿಂದ ಹಕ್ಕಿಯ ತಲೆ, ಕುತ್ತಿಗೆ ಬರೆದಿದ್ದರು. ಅಜ್ಜ ಹೊಡೆದರು. ಕಿಡಿ ಹಾರಿತು, ಬಟ್ಟಲಲ್ಲಿ ಭುಸ್ ಎಂದಿತು, ನಾನು ಇಷ್ಟೇ ಎಂದುಕೊಳ್ಳುವಷ್ಟರಲ್ಲಿ ಢಂ. ಹೊಗೆ ಇಳಿದ ಮೇಲೆ ಹೋಗಿ ನೋಡಿದರೆ ಕಾಗದದ ಮೇಲೆ ಉದ್ದಿನವಡೆ! ಸುತ್ತಲೂ ಚರೆ, ನಡುವೆ ಖಾಲಿ. ಆ ಖಾಲಿಯಲ್ಲಿ ಹಕ್ಕಿಯ ತಲೆ ಒಂದು ಗೀರೂ ಇಲ್ಲದೆ ಕೂತಿತ್ತು.

ನನಗೆ ಸುಮ್ಮನಿರಲು ಬರುವುದಿಲ್ಲ. ಅದು ನಮ್ಮ ಮನೆತನದ ರೋಗ. ಅಜ್ಜ ಮದ್ದಿನ ಮೇಲೆ ಜಡಿಯುತ್ತಿದ್ದದ್ದು ಉಣ್ಣೆಯ ದಪ್ಪ ಬಿಲ್ಲೆ. "ಅದು ಬೇಡ ಅಜ್ಜ, ತೆಂಗಿನ ನಾರು ಹಾಕಿ. ನಮ್ಮಲ್ಲಿ ಚರೆ ಮುಷ್ಟಿ ಹಿಡಿದ ಹಾಗೆ ಹೋಗುತ್ತದೆ" ಎಂದೆ. ಅಷ್ಟು ಒತ್ತಾಗಿ ಹೋಗುವುದಿಲ್ಲ ಎಂದು ನನಗೂ ಗೊತ್ತು, ಹಂದಿಗಳಿಗಂತೂ ಚೆನ್ನಾಗಿ ಗೊತ್ತು. ಆದರೆ ಪರದೇಶದಲ್ಲಿ ಊರಿನ ಮರ್ಯಾದೆ ಬಿಟ್ಟುಕೊಡಲು ಆಗುತ್ತದೆಯೇ?

ಪೆನ್ಸಿಲ್ವೇನಿಯಾದಲ್ಲಿ ತೆಂಗಿನ ನಾರು ಎಲ್ಲಿಂದ ತರುವುದು? ಹಸನಬ್ಬ ಕೊಟ್ಟಿಗೆಯಿಂದ ಮನೆಯ ಕಡೆ ಬೆರಳು ಮಾಡಿದ. ಅಡುಗೆಮನೆಯ ಬಾಗಿಲಲ್ಲಿ ಕತ್ತದ ಕಾಲೊರಸು! ನಮ್ಮ ಕಡೆಯದೇ ನಾರು, ಕಡಲು ದಾಟಿ ಬಂದು ಬಿದ್ದುಕೊಂಡಿದೆ. ಲೋಯಿಸಮ್ಮ ಸಂತೆಗೆ ಹೋಗಿದ್ದರು. ಒಂದು ಮೂಲೆಯಿಂದ ಸ್ವಲ್ಪ ಕಿತ್ತೆ. ಸಾಲಲಿಲ್ಲ, ಇನ್ನೂ ಸ್ವಲ್ಪ ಕಿತ್ತೆ.

ಗುಂಡು ಹೊಡೆದಾಗ ಚರೆಯೆಲ್ಲ ಕಾಗದದ ಎಡಮೂಲೆಗೆ ಹೋಯಿತು. ನಾರಿನ ಉಂಡೆ ಹೊತ್ತಿಕೊಂಡೇ ಹಾರಿ ಒಣ ಎಲೆಯ ರಾಶಿಗೆ ಬಿತ್ತು. ಊರಿನಲ್ಲಿ ನಾವು ಹೊಡೆಯುವುದು ಒದ್ದೆ ನೆಲದಲ್ಲಿ, ಬಿದ್ದ ಕಿಡಿ ಅಲ್ಲೇ ನಂದುತ್ತದೆ. ಇಲ್ಲಿ ನೋಡನೋಡುತ್ತ ಬೇಲಿಯವರೆಗೆ ಹೊಗೆ. ಹಸನಬ್ಬ ಪ್ರವಾಸಕ್ಕೆಂದು ಕೊಂಡ ಹೊಸ ಬೂಟಿನಲ್ಲೇ ಹಾರಿ ಹಾರಿ ತುಳಿದ.

"ರೈಗಳೇ, ಕೋಳಿ ಹೊಡೀಲಿಕ್ಕೆ ಹೇಳಿದ್ದು, ಲಂಕೆ ಸುಡ್ಲಿಕ್ಕೆ ಅಲ್ಲ!"

ಬೆಂಕಿ ಆರಿತು. ಅಜ್ಜ ಕಾಗದ ಬದಲಿಸಿ, ಮತ್ತೆ ಉಣ್ಣೆಯ ಬಿಲ್ಲೆಯನ್ನೇ ಇಟ್ಟು, ಮದ್ದು ಕಡಿಮೆ ಮಾಡಿ ಮತ್ತೊಂದು ಹೊಡೆದರು. ಅವರ ಕ್ರಮವೇ ಹಾಗೆ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನಾವಾದರೆ ಮದ್ದು, ನಾರು, ಚರೆ ಎಲ್ಲ ಒಟ್ಟಿಗೆ ಬದಲಿಸಿ, ತಾಗದಿದ್ದರೆ ಕೋವಿಗೆ ದೃಷ್ಟಿಯಾಗಿದೆ ಎನ್ನುತ್ತೇವೆ. ಮದ್ದು ಇಳಿಸಿದಾಗ ವಡೆಯ ತೂತು ಸಣ್ಣದಾಯಿತು, ಆದರೆ ಮುಚ್ಚಲಿಲ್ಲ. ಅಷ್ಟರಲ್ಲಿ ಉಣ್ಣೆಯ ಬಿಲ್ಲೆಗಳೂ ಮುಗಿದವು.

ಲೋಯಿಸಮ್ಮ ಬಂದು ಕಾಲೊರಸು ನೋಡಿದರು. ಅವರಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ಒಳಗೆ ಹೋಗಿ ಕಾರ್ನ್‌ಫ್ಲೇಕ್ಸಿನ ಖಾಲಿ ಡಬ್ಬಿ ತಂದು ನನ್ನ ಮಡಿಲಿಗೆ ಹಾಕಿದರು.

"ಏನಾದರೂ ಕತ್ತರಿಸಲೇಬೇಕಿದ್ದರೆ ಇದನ್ನು ಕತ್ತರಿಸಿ. ಪರದೆಗಳನ್ನು ಬಿಟ್ಟುಬಿಡಿ."

ನಾಚಿಕೆಯಿಂದ ತಲೆ ಎತ್ತದೆ ಕೂತು ತೆಳ್ಳಗಿನ ಆ ರಟ್ಟಿನಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿದೆ. ದಪ್ಪ ಬಿಲ್ಲೆಯ ಬದಲು ಅವುಗಳನ್ನೇ ಕೆಲವು ಜೋಡಿಸಿ ಮದ್ದಿನ ಮೇಲೆ ಇಟ್ಟೆವು, ಚರೆಯ ಮೇಲೆ ಒಂದೇ ಒಂದು. ಅಜ್ಜ ಹೊಡೆದರು. ಕಾಗದದ ಹತ್ತಿರ ಮೊದಲು ತಲುಪಿದ್ದು ನಾನು. ತೂತು ಮುಚ್ಚಿತ್ತು! ಇದ್ದಿಲಿನ ತಲೆಯೊಳಗೆ ಚರೆ, ಕುತ್ತಿಗೆಯಲ್ಲಿ ಚರೆ. ದಪ್ಪ ಬಿಲ್ಲೆ ಹಿಂದಿನಿಂದ ಚರೆಯ ನಡುವೆ ತೂರಿ ಎಲ್ಲವನ್ನೂ ಬದಿಗೆ ದೂಡುತ್ತಿತ್ತು, ತೆಳು ಬಿಲ್ಲೆಗಳು ನಳಿಗೆಯಿಂದ ಹೊರಬಿದ್ದ ಕೂಡಲೇ ಅತ್ತ ಇತ್ತ ಹಾರಿಹೋಗುತ್ತಿದ್ದವು ಎಂದು ಅಜ್ಜ ಆಮೇಲೆ ಹೇಳಿದರು. ಆ ವಾರವಿಡೀ ನಾವು ಬೆಳಿಗ್ಗೆ ಕಾರ್ನ್‌ಫ್ಲೇಕ್ಸ್ ತಿಂದದ್ದು, ಹಗಲು ಅದರ ಡಬ್ಬಿ ಹೊಡೆದದ್ದು. ಚರೆ ಸ್ವಲ್ಪ ಹೆಚ್ಚಿಸಿದಂತೆ ಮುಷ್ಟಿ ಇನ್ನೂ ಬಿಗಿಯಾಯಿತು. ಶುಕ್ರವಾರ ಸಂಜೆ ಅಜ್ಜ ಕಾಗದದ ಮೇಲೆ ಅಂಗೈ ಇಟ್ಟು ಸವರಿ, "ನಾಳೆ ಹೋಗೋಣ" ಎಂದರು.

ಶನಿವಾರ, ಓಕ್ ಮರದ ಬುಡ

ಹಸನಬ್ಬ ಬರಲಿಲ್ಲ. ಚಾ ಕುಡಿಯದೆ ಕಾಡಿಗೆ ಹೋಗುವುದು ಮನುಷ್ಯರ ಲಕ್ಷಣ ಅಲ್ಲ ಎಂದು ಹೊದ್ದು ಮಲಗಿದ. ನನಗೆ ಅಜ್ಜ ತಮ್ಮ ಹಳೆಯ ಕಂದು ಕೋಟು ತೊಡಿಸಿ, "ಬಣ್ಣದ್ದೇನೂ ಬೇಡ, ಅಲುಗಬೇಡ, ಮಾತಾಡಬೇಡ" ಎಂದರು. ಕಂದು ಕೋಟಿನಲ್ಲಿ ಕಂದು ಮರಕ್ಕೆ ಒರಗಿದವನು ಯಾರಿಗೆ ಕಾಣುತ್ತಾನೆ? ಈ ಅಜ್ಜನಿಗೆ ಪ್ರಾಯವಾಯಿತು, ಜಾಗ್ರತೆ ಮರೆತಿದ್ದಾರೆ ಎಂದುಕೊಂಡು ಬೈರಾಸನ್ನು ಮೆಲ್ಲಗೆ ಕಿಸೆಗೆ ಸೇರಿಸಿದೆ.

ಬೆಳಕು ಹರಿಯುವಾಗ ದೊಡ್ಡ ಓಕ್ ಮರದ ಬುಡದಲ್ಲಿ ಕೂತಿದ್ದೆವು. ಅಜ್ಜ ಮರದ ಒಂದು ಪುಟ್ಟ ಡಬ್ಬಿಯನ್ನು ಉಜ್ಜಿ ಹೇಂಟೆಯ ದನಿ ಹೊರಡಿಸಿದರು. ಎದುರಿನ ಇಳಿಜಾರಿನಿಂದ ಗಂಡು ಟರ್ಕಿ ಕೂಗಿತು. ಮೈ ಜುಂ ಎಂದಿತು. ಇನ್ನೊಮ್ಮೆ ಕರೆದರು, ಇನ್ನೊಮ್ಮೆ ಕೂಗಿತು, ಆಮೇಲೆ ಸದ್ದೇ ಇಲ್ಲ. ಅಜ್ಜ ಕಣ್ಣು ಅರೆಮುಚ್ಚಿ ಕೋವಿಯನ್ನು ಮೊಣಕಾಲ ಮೇಲಿಟ್ಟು ಕೂತುಬಿಟ್ಟರು. ನಿದ್ದೆ ಬಂತೆಂದು ನಾನು ತಿಳಿದೆ. ಗಂಡು ಹಕ್ಕಿ ಸದ್ದು ನಿಲ್ಲಿಸಿದರೆ ಅದು ನಡೆದುಕೊಂಡು ಬರುತ್ತಿದೆ ಎಂದು ಅರ್ಥ. ಅದು ನನಗೆ ಹೇಗೆ ಗೊತ್ತಾಗಬೇಕು?

ಆ ಚಳಿಗೆ ನನಗೆ ಮೂತ್ರಕ್ಕೆ ಅವಸರವಾಗಿತ್ತು. ಮಾತಾಡಬಾರದು, ಎಬ್ಬಿಸಲೂಬಾರದು. ಮೆಲ್ಲಗೆ ಹಿಂದಕ್ಕೆ ಸರಿದು ಮರದ ಮರೆಯಿಂದ ಇಳಿದು ಹೋದೆ. ಕೆಲಸ ಮುಗಿಸಿ ನೋಡಿದರೆ ಎಲ್ಲ ಮರಗಳೂ ಒಂದೇ ಥರ. ಬಂದ ದಾರಿ ತಪ್ಪಿತು. ಸುತ್ತು ಹಾಕಿ ಕೊನೆಗೆ ಓಕ್ ಮರದ ತುದಿ ಕಂಡಾಗ ನಾನಿದ್ದದ್ದು ಅದರ ಎದುರಿನ ಇಳಿಜಾರಿನಲ್ಲಿ, ಎದೆಯೆತ್ತರದ ಪೊದೆಗಳ ನಡುವೆ. ಮುಂದೆ ಕೋವಿ ಹಿಡಿದ ಮನುಷ್ಯನಿದ್ದಾನೆ, ನಾನು ಪೊದೆಯಲ್ಲಿದ್ದೇನೆ. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಗುತ್ತಿಗಾರಿನವನಿಗೆ ಹೇಳಿಕೊಡಬೇಕೇ? ಬೈರಾಸು ತೆಗೆದು, ಬಿಳಿ ಅಂಚು ಮೇಲೆ ಬರುವ ಹಾಗೆ ತಲೆಗೆ ಸುತ್ತಿ, ಇನ್ನು ಹೆದರಿಕೆ ಇಲ್ಲ ಎಂದು ಹೆಜ್ಜೆ ಹಾಕಿದೆ.

ಕಟಕ್.

ಕುದುರೆ ಎಳೆದ ಸದ್ದು. ಅದನ್ನು ನನಗೆ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಪೊದೆಯ ಸಂದಿನಿಂದ ನಳಿಗೆಯ ಬಾಯಿ ಕಂಡಿತು. ಅದು ನೋಡುತ್ತಿದ್ದದ್ದು ನನ್ನ ತಲೆಯನ್ನು. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ, ಬಂದದ್ದು ತುಳು.

"ಅಯ್ಯೋ ದೇವರೇ, ಯಾನ್! ಯಾನ್!"

ನಾನು, ನಾನು ಎಂದು ಕೂಗಿದ್ದು. ನಳಿಗೆ ಮೇಲಕ್ಕೆ, ಆಕಾಶದ ಕಡೆ ಹೋಯಿತು. ಹತ್ತಿರ ಹೋದಾಗ ಅಜ್ಜನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ನನ್ನ ತಲೆಯಿಂದ ಬೈರಾಸು ಬಿಚ್ಚಿ ತಮ್ಮ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಹಿಡಿದುಕೊಂಡೇ ವಿವರಿಸಿದರು. ಗಂಡು ಟರ್ಕಿಯ ತಲೆ ಕೆಂಪು, ನೆತ್ತಿ ಬಿಳಿ. ಪೊದೆಯ ಮೇಲೆ ಮೊದಲು ಕಾಣುವುದು ಅದೇ. ಅದಕ್ಕೆ ಈ ಬೇಟೆಗೆ ಬರುವವರು ಕೆಂಪು, ಬಿಳಿಯನ್ನು ಮೈಮೇಲೆ ಎಲ್ಲೂ ಇಟ್ಟುಕೊಳ್ಳುವುದಿಲ್ಲವಂತೆ. ಕಾಲುಚೀಲ ಕೂಡ ನೋಡಿ ಹಾಕುತ್ತಾರಂತೆ.

"ಮತ್ತೆ ಯಾಕೆ ಹೊಡೆಯಲಿಲ್ಲ ಅಜ್ಜ?" ಎಂದೆ.

"ಎದೆಯ ಗಡ್ಡ ಕಾಣಲಿಲ್ಲ" ಎಂದರು. ಗಂಡು ಹಕ್ಕಿಯ ಎದೆಯಿಂದ ಕೂದಲಿನ ಒಂದು ಜುಟ್ಟು ಇಳಿದಿರುತ್ತದೆ. "ಅದು ಕಾಣುವವರೆಗೆ ಹೊಡೆಯುವುದಿಲ್ಲ ಎಂದು ಹೋದ ವರ್ಷವೇ ನಿಶ್ಚಯಿಸಿದ್ದೆ."

ಇಬ್ಬರೂ ಮರದ ಬುಡದಲ್ಲಿ ಕುಸಿದು ಕೂತೆವು. ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಮಗುವಿನ ಹಾಗೆ ಅತ್ತೆ, ಅಜ್ಜ ನನ್ನ ಬೆನ್ನು ತಟ್ಟುತ್ತಲೇ ಇದ್ದರು.

ತುಂಬಿದ ಕೋವಿಯನ್ನು ಮನೆಯೊಳಗೆ ಒಯ್ಯುವ ಹಾಗಿಲ್ಲ. ಕೊಟ್ಟಿಗೆಯ ಹಿಂದೆ ಹೊಸ ಕಾಗದಕ್ಕೆ ಹೊಡೆದು ಖಾಲಿ ಮಾಡಿದರು. ಹತ್ತಿರ ಹೋಗಿ ನೋಡಿದೆವು. ಆ ವಾರದಲ್ಲೇ ಅಷ್ಟು ಒತ್ತಾಗಿ ಒಂದೂ ಬಿದ್ದಿರಲಿಲ್ಲ. ಇದ್ದಿಲಿನ ತಲೆ ಜರಡಿಯಾಗಿತ್ತು. ಡಬ್ಬಿ ಕತ್ತರಿಸಿ ಬಿಲ್ಲೆ ಮಾಡಿದವನು ನಾನು, ಕಾಗದದ ಕಡೆ ಓಡೋಡಿ ಹೋಗಿ ಭೇಷ್ ಎಂದವನೂ ನಾನು.

ಭಾನುವಾರ

ಅಲ್ಲಿ ಭಾನುವಾರ ಬೇಟೆ ಇಲ್ಲ, ಕಾನೂನೇ ಹಾಗೆ. ವಿಷಯ ಕೇಳಿದಾಗಿನಿಂದ ಹಸನಬ್ಬ ನನ್ನನ್ನು ಬಿಟ್ಟು ಅಲುಗಿರಲಿಲ್ಲ. ಒಂದು ಸಲ ಬೈದ, ಒಂದು ಸಲ ನನ್ನ ಕೈ ಹಿಡಿದು ಕೂತ.

"ರೈಗಳೇ, ನಿಮ್ಮ ಹೆಂಡತಿಯ ಹತ್ರ ನಾನೆಂತ ಹೇಳುದು ಮಾರಾಯ್ರೆ? ಕೋಳಿ ಅಂತ ಹೊಡೆದ್ರು ಅಂತ ಹೇಳ್ಲಿಕ್ಕೆ ಆಗ್ತದಾ?" ಆಮೇಲೆ ತನ್ನ ಗಡ್ಡ ಸವರಿಕೊಂಡು, "ನಾನು ಬಾರದ್ದೇ ಒಳ್ಳೆದಾಯ್ತು. ನಂಗೆ ಇದೂ ಉಂಟಲ್ಲ!" ಎಂದ.

ಎರಡು ದಿನಗಳಲ್ಲಿ ನಾನು ನಕ್ಕದ್ದು ಆಗಲೇ. ಆದರೆ ಅಜ್ಜ ನಗಲಿಲ್ಲ. ಬೆಂಕಿಗೂಡಿನ ಮೇಲೆ ಮೊಳೆ ಹೊಡೆಯಲು ಸುತ್ತಿಗೆ ಹುಡುಕುತ್ತಿದ್ದರು. ಲೋಯಿಸಮ್ಮ ಅದನ್ನು ಎಲ್ಲೋ ಅಡಗಿಸಿಟ್ಟು, ಏನಾದರೂ ಹೇಳು ಎನ್ನುವ ಹಾಗೆ ನನ್ನನ್ನು ನೋಡಿದರು.

ನನ್ನ ಇಂಗ್ಲಿಷಿನಲ್ಲಿ ಹೇಳಿದೆ, ಸಿಕ್ಕಿಹಾಕಿಕೊಂಡಲ್ಲಿ ಹಸನಬ್ಬ ಎತ್ತಿಕೊಟ್ಟ. "ಅಜ್ಜ, ನೀವು ನಿನ್ನೆ ಹೊಡೆಯಲಿಲ್ಲ. ನಮ್ಮ ಊರಿನಲ್ಲಿ ನಾವು ಬೈರಾಸನ್ನು ನಂಬುತ್ತೇವೆ. ಬೈರಾಸು ಕಾಣದಿದ್ದರೆ ಹೊಡೆದೇ ಬಿಡುತ್ತೇವೆ. ನೀವು ಕಣ್ಣು ತುಂಬ ನೋಡುವವರೆಗೆ ಕಾದಿರಿ. ಇಂಥ ಕೈಯಲ್ಲಿ ಕೋವಿ ಇರಬಾರದು ಅಂದರೆ ಮತ್ತೆ ಯಾರ ಕೈಯಲ್ಲಿ ಇರಬೇಕು? ನಾಳೆ ನಾನು ಬರುತ್ತೇನೆ. ನಿಮ್ಮ ಬೆನ್ನಿಗೆ ಬೆನ್ನು ಅಂಟಿಸಿ ಕೂರುತ್ತೇನೆ. ಮೂತ್ರವನ್ನೂ ಮನೆಯಲ್ಲೇ ಮುಗಿಸಿ ಬರುತ್ತೇನೆ."

ಕೊನೆಯ ಮಾತಿಗೆ ಲೋಯಿಸಮ್ಮ ನಕ್ಕರು, ಆಮೇಲೆ ಅಜ್ಜನೂ ನಕ್ಕರು.

ಸೋಮವಾರ

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಕೆಂಪು, ಬಿಳಿ ಯಾವುದೂ ಇಲ್ಲವೆಂದು ಕಿಸೆ ಮೂರು ಮೂರು ಸಲ ತಡವಿ ನೋಡಿಕೊಂಡು ಹೊರಟೆ. ಅಜ್ಜನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರಿಂದ ನನಗೆ ಏನೂ ಕಾಣುತ್ತಿರಲಿಲ್ಲ, ಅವರ ಉಸಿರು ಮಾತ್ರ ತಿಳಿಯುತ್ತಿತ್ತು. ಹಕ್ಕಿ ಕೂಗಿತು, ನಿಂತಿತು. ಒಣ ಎಲೆಯ ಮೇಲೆ ಹೆಜ್ಜೆ ಸದ್ದು. ಕುದುರೆ ಎಳೆದ ಸದ್ದಿಗೆ ನನ್ನ ಮೈ ಬೆವರಿತು. ಆದರೂ ಅಜ್ಜ ಹೊಡೆಯಲಿಲ್ಲ. ಕಾದರು, ಇನ್ನೂ ಕಾದರು. ಅವರ ಉಸಿರು ನಿಂತಿತು. ಭುಸ್, ಢಂ.

ಹೊಗೆಯೊಳಗೆ ಅಜ್ಜ ಎದ್ದು ಓಡಿದರು, ಆ ಪ್ರಾಯದಲ್ಲಿ! ನಾನು ತಲುಪುವಾಗ ಹಕ್ಕಿಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದರು. ಅದು ನಿಂತಲ್ಲೇ ಉರುಳಿತ್ತು, ರೆಕ್ಕೆ ಕೂಡ ಬಡಿದಿರಲಿಲ್ಲ. "ಗೊತ್ತೇ ಆಗಲಿಲ್ಲ ಇದಕ್ಕೆ" ಎಂದರು, ಮತ್ತೆ ಮತ್ತೆ ಅದನ್ನೇ ಹೇಳಿದರು. ಕೈ ಆಗ ನಡುಗುತ್ತಿರಲಿಲ್ಲ. ಆ ರಾತ್ರಿ ಊಟಕ್ಕೆ ಅವರು ಎರಡು ಸಲ ಬಡಿಸಿಕೊಂಡರು, ಲೋಯಿಸಮ್ಮ ನನಗೆ ಕಣ್ಣಲ್ಲೇ ತೋರಿಸಿದರು. ಹಲಾಲ್ ಆಗದ ಮಾಂಸ ಮುಟ್ಟದ ಹಸನಬ್ಬ ತನ್ನ ಪಾಲಿನ ಆಲೂಗಡ್ಡೆ, ಮೊಟ್ಟೆ ತಿನ್ನುತ್ತ ಎಲ್ಲರಿಗಿಂತ ಜೋರಾಗಿ ಹರಟಿದ.

ಹೊರಡುವಾಗ ಅಜ್ಜ ಏನು ಬೇಕು ಎಂದು ಕೇಳಿದರು. ಶನಿವಾರದ ಕಾಗದ ಬೇಕು ಎಂದೆ. ಬದಲಿಗೆ ಬೈರಾಸನ್ನು ಅವರೇ ಇಟ್ಟುಕೊಂಡರು.

ಮತ್ತೆ ಗುತ್ತಿಗಾರು

ಬಂದ ಮೇಲೆ ಮೊದಲ ಸಲ ಹಂದಿ ಅಟ್ಟಲು ಗದ್ದೆಯ ಬದುವಿನಲ್ಲಿ ಸೇರಿದಾಗ ಎಲ್ಲರೂ ಅಮೇರಿಕದ ಸಾಮಾನು ತೋರಿಸು ಎಂದು ಗಂಟು ಬಿದ್ದರು. ಮಡಚಿದ ಕಾಗದವನ್ನು ತೆಗೆದು ಬಿಡಿಸಿದೆ. ಐವರ್ನಾಡಿನಿಂದ ಬಂದಿದ್ದ ನನ್ನ ಭಾವ ಅದನ್ನು ಸೂರ್ಯನಿಗೆ ಹಿಡಿದ.

"ಇದೆಂತ ಭಾವ, ಜರಡಿಯಾ? ಈ ಮಸಿಯಲ್ಲಿ ಬರೆದದ್ದು ಯಾರ ತಲೆ?"

"ಕೋಳಿದ್ದು ಅಂತ ಬರೆದದ್ದು" ಎಂದೆ. "ಆದ್ರೆ ಈ ಚರೆ ಕೋವಿಯಲ್ಲಿದ್ದಾಗ ಅದು ಗುರಿ ಹಿಡಿದದ್ದು ನನ್ನ ತಲೆಗೆ."

ಇಡೀ ಕಥೆ ಹೇಳಿದೆ. ಮುಗಿದ ಮೇಲೆ ಭಾವ ಕಾಗದವನ್ನು ಮೆಲ್ಲಗೆ ಮಡಚಿ ನನ್ನ ಕೈಗೆ ಕೊಟ್ಟ. ನಾನು ಮನೆಯಲ್ಲಿದ್ದ ಹಳೆಯ ಬೈರಾಸು ಕೊಡವಿ ತಲೆಗೆ ಸುತ್ತಿಕೊಂಡೆ. ಆ ದಿನ ಕೋವಿ ಹಿಡಿದಿದ್ದವನು ಭಾವನೇ.

"ಹೋಗುವನಾ?" ಎಂದೆ.

"ಹೋಗುವ" ಎಂದ ಭಾವ. "ಬೈರಾಸು ಕಟ್ಟಿಕೊಳ್ಳಿ ಎಲ್ರೂ. ಆದ್ರೆ ಹಂದಿಯ ಮೂತಿ ಕಾಣದೆ ನಾನು ಇವತ್ತು ಹೊಡೆಯುದಿಲ್ಲ."